ಚೆಕ್‌ರೋಲ್ ಪುಸ್ತಕದಲ್ಲಿ ಬೀಡಿಯ ಲೆಕ್ಕ

ನಮ್ಮ ತಂದೆ ಸೋಮವಾರಪೇಟೆ ಸಮೀಪದ ಕಾಫಿ ತೋಟವೊಂದರಲ್ಲಿ ಮೂವತ್ತು ವರ್ಷ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಅವರು ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದ ಖಾಲಿ ಚೆಕ್‌ರೋಲ್ ಪುಸ್ತಕಗಳಲ್ಲಿ ಒಂದನ್ನು 2020ರ ಏಪ್ರಿಲ್ ತಿಂಗಳಿನಿಂದ ನಾನು ಬಳಸುತ್ತಿದ್ದೇನೆ. ಆಳುಗಳ ಹೆಸರಿರಬೇಕಾದ ಕಡೆ ತಾರೀಖು, ಹಾಜರಿಯ ಗುರುತಿರಬೇಕಾದ ಕಡೆ ನನ್ನ ತಮ್ಮ ಆ ದಿನ ಸೇದಿದ ಬೀಡಿಗಳ ಸಂಖ್ಯೆ, ಅದರ ಪಕ್ಕದಲ್ಲಿ ನುಂಗಿದ ಮಾತ್ರೆಯ ಪ್ರಮಾಣ, ಕೊನೆಯ ಅಂಕಣದಲ್ಲಿ ಕುಡಿದ ಕಾಫಿಯ ಲೋಟಗಳು. ಬೀಡಿಗೂ ಮಾತ್ರೆಗೂ ಒಂದೇ ಸಾಲಿನಲ್ಲಿ ಏನು ಕೆಲಸ ಎಂದು ಮನೆಗೆ ಬಂದವರು ಕೇಳುವುದುಂಟು. ಅವನಿಗೆ ಕಾಯಿಲೆ ಶುರುವಾಗಿ ಇಪ್ಪತ್ತೆರಡು ವರ್ಷ ಕಳೆಯುವವರೆಗೆ ನನಗೂ ಅದು ಗೊತ್ತಿರಲಿಲ್ಲ.

ತಮ್ಮನಿಗೆ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇದೆ ಎಂದು ತಿಳಿದದ್ದು 1998ರಲ್ಲಿ, ಅವನು ಮೈಸೂರಿನಲ್ಲಿ ಪದವಿಯ ಎರಡನೆಯ ವರ್ಷದಲ್ಲಿದ್ದಾಗ. ಪಕ್ಕದ ಕೋಣೆಯವರು ಗೋಡೆಯೊಳಗಿನಿಂದ ತನ್ನ ಬಗ್ಗೆ ಮಾತನಾಡುತ್ತಾರೆ ಎಂದು ರಾತ್ರಿಯಿಡೀ ಗೋಡೆಗೆ ಕಿವಿಯಿಟ್ಟು ಕೂರುತ್ತಿದ್ದ ಅವನನ್ನು ತಂದೆ ಬಸ್ಸಿನಲ್ಲಿ ಕರೆದುಕೊಂಡು ಬಂದರು. ಬೀಡಿ ಅಂಟಿಕೊಂಡದ್ದು ಅದರ ಮರುವರ್ಷ. ಮೊದಲು ಕೊಟ್ಟ ಹಾಲೋಪೆರಿಡಾಲ್ ಅವನ ಕೈಕಾಲುಗಳನ್ನು ಮರದಂತೆ ಬಿಗಿಗೊಳಿಸಿತ್ತು, ಮುಖದಲ್ಲಿ ನಗು ಅಳು ಯಾವುದೂ ಮೂಡುತ್ತಿರಲಿಲ್ಲ. ಬೀಡಿ ಸೇದಿದರೆ ಮೈ ಸ್ವಲ್ಪ ಸಡಿಲವಾಗುತ್ತದೆ, ತಲೆಯೊಳಗಿನ ಮಂಜು ಸರಿಯುತ್ತದೆ ಎಂದು ಅವನೇ ಹೇಳುತ್ತಿದ್ದ. ನಾವು ಅದನ್ನು ಚಟಕ್ಕೆ ಹುಡುಕಿದ ನೆಪವೆಂದೇ ತಿಳಿದಿದ್ದೆವು. ನಿಕೋಟಿನ್ ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಬಿಡುಗಡೆಯನ್ನು ಹೆಚ್ಚಿಸುತ್ತದೆ, ಹಾಗಾಗಿ ಆ ಬಿಗಿತವೂ ಗಮನದ ತೊಂದರೆಯೂ ಕೆಲ ಹೊತ್ತಿನ ಮಟ್ಟಿಗೆ ಕಡಿಮೆಯಾದಂತೆ ರೋಗಿಗಳಿಗೆ ಅನಿಸುವುದುಂಟು ಎಂಬುದನ್ನು ಬಹಳ ವರ್ಷಗಳ ನಂತರ ವೈದ್ಯರೊಬ್ಬರ ಬಾಯಿಂದ ಕೇಳಿದಾಗ, ಅವನ ಮಾತನ್ನು ಆಗಲೇ ನಂಬಬಹುದಿತ್ತಲ್ಲ ಎನಿಸಿತು. ಸ್ಕಿಜೋಫ್ರೇನಿಯಾ ಇರುವವರಲ್ಲಿ ಧೂಮಪಾನ ಉಳಿದವರಿಗಿಂತ ಬಹಳ ಹೆಚ್ಚು ಎಂಬುದು ಅನೇಕ ದೇಶಗಳಲ್ಲಿ ಕಂಡಿರುವ ಸಂಗತಿ, ಅದಕ್ಕೆ ಇದೊಂದು ಕಾರಣವಿರಬಹುದು. ಮಾಡಲು ಬೇರೆ ಕೆಲಸವಿಲ್ಲದ ಉದ್ದನೆಯ ಹಗಲುಗಳು ಇನ್ನೊಂದು ಕಾರಣವೆಂದು ನನ್ನ ಅನಿಸಿಕೆ. ಮಳೆಗಾಲದಲ್ಲಿ ಮೂರು ತಿಂಗಳು ಜಗಲಿಯ ಮೇಲೆ ಕುಳಿತವನಿಗೆ ಬೀಡಿಯೇ ಗಡಿಯಾರ.

ಹಾಲೋಪೆರಿಡಾಲ್ ಆದ ಮೇಲೆ ರಿಸ್ಪೆರಿಡೋನ್, ಅದು ಸಾಲದಾದಾಗ ಒಲಾಂಜಪಿನ್. ಈ ಒಲಾಂಜಪಿನ್ ಕಾಲದ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಈಗಲೂ ನನ್ನ ನಿದ್ದೆ ಕೆಡಿಸುವುದು ಅದೇ. 2004ರಿಂದ 2010ರ ನಡುವೆ ಅವನನ್ನು ಮೂರು ಸಲ ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ ಸೇರಿಸಬೇಕಾಯಿತು. ಮೂರು ಸಲವೂ ವಾರ್ಡಿನಲ್ಲಿ ಐದಾರು ವಾರ ಇದ್ದು, ತಿಳಿಯಾದ ಕಣ್ಣುಗಳೊಂದಿಗೆ, ನಮ್ಮ ಹೆಸರು ಹಿಡಿದು ಮಾತನಾಡಿಸುತ್ತ ಮನೆಗೆ ಬಂದ. ಮೂರು ಸಲವೂ ತಿಂಗಳು ತುಂಬುವುದರೊಳಗೆ ಗೋಡೆಯ ದನಿಗಳು ಮರಳಿ ಬಂದವು. ಅದೇ ಮಾತ್ರೆ, ಅದೇ 20 ಮಿಲಿಗ್ರಾಂ. ಹಾಗಾದರೆ ಇವನು ಮಾತ್ರೆ ನುಂಗುತ್ತಿಲ್ಲ, ನಾಲಗೆಯಡಿ ಇಟ್ಟುಕೊಂಡು ಹೋಗಿ ಕಾಫಿಗಿಡದ ಬುಡಕ್ಕೆ ಉಗುಳುತ್ತಿದ್ದಾನೆ ಎಂದು ನಾವೆಲ್ಲ ತೀರ್ಮಾನಿಸಿದೆವು. ಅಮ್ಮ ದಿನವೂ ರಾತ್ರಿ ಅವನ ಬಾಯಿ ತೆರೆಸಿ, ಟಾರ್ಚ್ ಹಾಕಿ, ನಾಲಗೆ ಎತ್ತಿಸಿ ನೋಡುತ್ತಿದ್ದರು. ಮೂವತ್ತು ದಾಟಿದ ಗಂಡಸು ತಾಯಿಯ ಮುಂದೆ ಹಾಗೆ ಬಾಯಿ ತೆರೆದು ನಿಲ್ಲುತ್ತಿದ್ದ. "ಅಕ್ಕಾ, ನಾನು ನುಂಗಿದ್ದೀನಿ, ನೀನಾದ್ರೂ ನಂಬು" ಎಂದು ಒಮ್ಮೆ ನನ್ನೆದುರು ಅತ್ತಿದ್ದ. ನಾನು ನಂಬಲಿಲ್ಲ.

ಆ ವಾರ್ಡಿನಲ್ಲಿ ಬೀಡಿಗೆ ಅವಕಾಶವಿರಲಿಲ್ಲ. ಮನೆಗೆ ಬಂದ ದಿನವೇ ಬೀಡಿಯ ಕಟ್ಟು ಬಿಚ್ಚುತ್ತಿದ್ದ. ಈ ಎರಡು ಸಂಗತಿಗಳು ನಮ್ಮ ಕಣ್ಣೆದುರೇ ಇದ್ದವು, ವೈದ್ಯರಿಗೂ ತಿಳಿದಿದ್ದವು. ಆದರೆ ಬಿಡುಗಡೆಯ ಚೀಟಿಯಲ್ಲಿ ಯಾರೂ ಅದನ್ನು ಬರೆಯಲಿಲ್ಲ, ನಾವೂ ಕೇಳಲಿಲ್ಲ.

2011ರಲ್ಲಿ ಕ್ಲೋಜಪಿನ್ ಶುರುವಾಯಿತು. ಬೇರೆ ಎರಡು ಔಷಧಗಳನ್ನು ಸಾಕಷ್ಟು ಪ್ರಮಾಣದಲ್ಲಿ, ಸಾಕಷ್ಟು ಕಾಲ ಕೊಟ್ಟರೂ ಗುಣ ಕಾಣದಿದ್ದಾಗ ಸಾಮಾನ್ಯವಾಗಿ ಕೊಡುವ ಔಷಧವಿದು. 1975ರಲ್ಲಿ ಫಿನ್‌ಲೆಂಡ್‌ನಲ್ಲಿ ಇದನ್ನು ತೆಗೆದುಕೊಂಡ ಕೆಲವರು ರಕ್ತದ ಬಿಳಿಕಣಗಳು ಕುಸಿದು ತೀರಿಕೊಂಡ ಮೇಲೆ ಹಲವು ದೇಶಗಳಲ್ಲಿ ಹಿಂದಕ್ಕೆ ಸರಿದಿದ್ದ ಈ ಮಾತ್ರೆ, ಬೇರಾವುದಕ್ಕೂ ಜಗ್ಗದ ರೋಗಿಗಳಲ್ಲೂ ಕೆಲಸ ಮಾಡುತ್ತದೆಂದು 1988ರ ಅಮೆರಿಕದ ಅಧ್ಯಯನವೊಂದು ತೋರಿಸಿದ ಮೇಲೆ, ರಕ್ತಪರೀಕ್ಷೆಯ ಷರತ್ತಿನೊಂದಿಗೆ ಮರಳಿ ಬಂತು. ಮೊದಲ 18 ವಾರ ವಾರಕ್ಕೊಮ್ಮೆ ಪೇಟೆಯ ಲ್ಯಾಬಿಗೆ ಹೋಗಿ ರಕ್ತ ಕೊಟ್ಟು, ಆಮೇಲೆ ತಿಂಗಳಿಗೊಮ್ಮೆ ಕೊಡುತ್ತ ಬಂದೆವು. ಪ್ರಮಾಣ ನಿಧಾನವಾಗಿ ಏರಿ 450 ಮಿಲಿಗ್ರಾಂಗೆ ನಿಂತಿತು. ಜೊಲ್ಲು, ತೂಕ, ಮಲಬದ್ಧತೆ ಎಲ್ಲ ಇದ್ದವು. ಆದರೂ ಅವನು ಬೆಳಿಗ್ಗೆ ಎದ್ದು ಕಾಫಿ ಒಣಹಾಕುವ ಕಣಕ್ಕೆ ಹೋಗಿ ಹಣ್ಣು ಹರಡುವ ಮಟ್ಟಕ್ಕೆ ಬಂದ. ಒಂಬತ್ತು ವರ್ಷ ಹಾಗೆಯೇ ನಡೆಯಿತು, ದಿನಕ್ಕೆ ಒಂದು ಕಟ್ಟು ಬೀಡಿಯೊಂದಿಗೆ.

2020ರ ಮಾರ್ಚ್ 25ರಂದು ಲಾಕ್‌ಡೌನ್ ಬಂತು. ಕ್ಲೋಜಪಿನ್ ಮಾತ್ರೆಗಳನ್ನು ಎರಡು ತಿಂಗಳಿಗಾಗುವಷ್ಟು ತಂದಿಟ್ಟುಕೊಂಡಿದ್ದ ನಾನು ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡಿದ್ದೆ. ಬೀಡಿಯ ವಿಚಾರ ತಲೆಗೆ ಬರಲೇ ಇಲ್ಲ. ದಿನಸಿ ಅಂಗಡಿಗಳು ಕೆಲವೇ ಹೊತ್ತು ತೆರೆಯುತ್ತಿದ್ದವು, ಬೀಡಿ ಮತ್ತು ಸಿಗರೇಟು ಸಿಗುವುದು ನಿಂತೇ ಹೋಯಿತು. ತಿಂಗಳ ಕೊನೆಯ ಹೊತ್ತಿಗೆ ಅವನ ಕೊನೆಯ ಕಟ್ಟು ಮುಗಿಯಿತು. ಎರಡು ದಿನ ಮನೆಯಿಂದ ಗೇಟಿಗೆ, ಗೇಟಿನಿಂದ ಮನೆಗೆ ತಿರುಗಾಡಿದ. ಮೂರನೆಯ ದಿನ ತೋಟದ ಆಳುಗಳ ಲೈನ್ ಮನೆಯ ಅಜ್ಜಿಯೊಬ್ಬರು ಎಲೆಅಡಿಕೆಯೊಂದಿಗೆ ತಾವು ಹಾಕಿಕೊಳ್ಳುವ ಹೊಗೆಸೊಪ್ಪನ್ನು ಅವನಿಗೂ ಕೊಟ್ಟರು. ಕುಶಾಲನಗರದಲ್ಲಿ ಕಾವೇರಿ ದಾಟಿದರೆ ಪಿರಿಯಾಪಟ್ಟಣದ ತಂಬಾಕಿನ ಹೊಲಗಳೇ ಇರುವಾಗ, ಜಗಿಯುವ ಎಲೆಗೆ ಇಲ್ಲಿ ಪೂರ್ತಿ ಬರ ಬಂದದ್ದನ್ನು ನಾನು ಕಂಡಿಲ್ಲ. ಹೊಗೆಸೊಪ್ಪು ಸಿಕ್ಕ ಮೇಲೆ ಅವನ ಚಡಪಡಿಕೆ ಇಳಿಯಿತು. ಬೀಡಿಯೂ ಬಿಟ್ಟಿತು, ಗಲಾಟೆಯೂ ಇಲ್ಲ, ಕೊರೊನಾ ಮಾಡಿದ ಒಂದು ಉಪಕಾರ ಇದೇ ಎಂದು ನಾನು ಪಕ್ಕದ ಮನೆಯವರಿಗೆ ಫೋನಿನಲ್ಲಿ ಹೇಳಿದ್ದೂ ನೆನಪಿದೆ.

ಏಪ್ರಿಲ್ ಮೊದಲ ವಾರ ಮುಗಿಯುವಷ್ಟರಲ್ಲಿ ಅವನು ದಿನಕ್ಕೆ ಹದಿನಾಲ್ಕು ಗಂಟೆ ಮಲಗತೊಡಗಿದ. ದಿಂಬು ಜೊಲ್ಲಿನಿಂದ ನೆನೆದು ಬೆಳಿಗ್ಗೆ ಹಿಂಡುವಂತಾಗುತ್ತಿತ್ತು. ಎದ್ದು ನಿಂತರೆ ತೂರಾಡುತ್ತಿದ್ದ, ಮಾತು ತೊದಲುತ್ತಿತ್ತು, ಐದು ದಿನದಿಂದ ಹೊರಕಡೆ ಆಗಿರಲಿಲ್ಲ. ಬೀಡಿ ಬಿಟ್ಟವರಿಗೆ ಹೀಗೆ ಆಗುತ್ತದೆ, ಸರಿಹೋಗುತ್ತದೆ ಎಂದುಕೊಂಡೆವು. ಏಪ್ರಿಲ್ 9ರ ಬೆಳಿಗ್ಗೆ ಕಾಫಿ ಕುಡಿಯುತ್ತ ಕುಳಿತಿದ್ದವನ ಕೈ ಯಾರೋ ಹಿಡಿದು ಜಗ್ಗಿದಂತೆ ಥಟ್ಟನೆ ಹಾರಿತು, ಲೋಟ ಗೋಡೆಗೆ ಬಡಿಯಿತು. ಐದು ನಿಮಿಷದಲ್ಲಿ ಮತ್ತೊಮ್ಮೆ. ಆಗ ಹೆದರಿ ಮಡಿಕೇರಿಯ ಮನೋವೈದ್ಯರಿಗೆ ಫೋನ್ ಮಾಡಿದೆ. ಫೋನಿನಲ್ಲಿ, ವಿಡಿಯೊದಲ್ಲಿ ರೋಗಿಯನ್ನು ನೋಡಿ ಔಷಧ ಬರೆಯಲು ಅನುವು ಮಾಡಿಕೊಡುವ ಟೆಲಿಮೆಡಿಸಿನ್ ಮಾರ್ಗಸೂಚಿ ಆ ಲಾಕ್‌ಡೌನ್ ಶುರುವಾದ ದಿನವೇ ಹೊರಬಿದ್ದಿತ್ತು ಎಂದು ನಂತರ ತಿಳಿಯಿತು; ಅಂದು ನಮಗೆ ಅದರಿಂದ ಆದ ಪ್ರಯೋಜನ ದೊಡ್ಡದು.

ವೈದ್ಯರು ಎಲ್ಲವನ್ನೂ ಕೇಳಿಸಿಕೊಂಡು, ಅವನು ಕೈ ಚಾಚಿ ನಿಂತದ್ದನ್ನು ವಿಡಿಯೊದಲ್ಲಿ ನೋಡಿ, ಒಂದೇ ಪ್ರಶ್ನೆ ಕೇಳಿದರು. "ಟೀಚರೇ, ಇವರು ಬೀಡಿ ಸೇದ್ತಿದ್ರಾ? ಈಗ ಸೇದ್ತಿಲ್ವಾ?"

ನಾನು ಹೆಮ್ಮೆಯಿಂದಲೇ ಬಿಟ್ಟಿದ್ದಾನೆ ಎಂದೆ. ಆ ಕಡೆ ಒಂದು ಕ್ಷಣ ಮೌನ. ಅವರು ಅಂದು ರಾತ್ರಿಯ ಮಾತ್ರೆಯನ್ನು ಪೂರ್ತಿ ತಡೆದರು, ಮರುದಿನದಿಂದ 300 ಮಿಲಿಗ್ರಾಂ ಮಾತ್ರ ಎಂದರು, ಮಲಬದ್ಧತೆಗೆ ಔಷಧ ಬರೆದರು, ಮೈ ಸೆಟೆದು ಪ್ರಜ್ಞೆ ತಪ್ಪಿದರೆ ಯಾವುದನ್ನೂ ಕಾಯದೆ 108ಕ್ಕೆ ಕರೆ ಮಾಡಬೇಕೆಂದರು. ಕ್ಲೋಜಪಿನ್ ರಕ್ತದಲ್ಲಿ ಮಿತಿಮೀರಿದರೆ ಫಿಟ್ಸ್ ಬರಬಹುದು, ಕೈ ಹಾಗೆ ಹಾರುವುದು ಅದರ ಮುನ್ಸೂಚನೆಯಾಗಿರಬಹುದು ಎಂಬುದನ್ನು ಮಾತ್ರ ಅಂದೇ ಹೇಳಿದರು. ಉಳಿದದ್ದನ್ನು ವಿವರಿಸಿದ್ದು ನಾಲ್ಕು ದಿನದ ನಂತರ, ಅವನ ತೂರಾಟ ನಿಂತ ಮೇಲೆ.

ಅವರ ವಿವರಣೆಯನ್ನು ನಾನು ಅರ್ಥಮಾಡಿಕೊಂಡ ಬಗೆಯಲ್ಲಿ ಹೇಳುತ್ತೇನೆ. ಕ್ಲೋಜಪಿನ್ ಮತ್ತು ಒಲಾಂಜಪಿನ್‌ಗಳನ್ನು ಒಡೆದು ಹೊರಹಾಕುವ ಕೆಲಸದ ಬಹುಪಾಲನ್ನು ಯಕೃತ್ತಿನ ಸಿವೈಪಿ 1ಎ2 ಎಂಬ ಕಿಣ್ವ ಮಾಡುತ್ತದೆ. ತಂಬಾಕು ಉರಿದಾಗ ಹೊಗೆಯಲ್ಲಿ ಹುಟ್ಟುವ ಪಾಲಿಸೈಕ್ಲಿಕ್ ಅರೊಮ್ಯಾಟಿಕ್ ಹೈಡ್ರೋಕಾರ್ಬನ್‌ಗಳು ಈ ಕಿಣ್ವದ ಉತ್ಪಾದನೆಯನ್ನು ಹೆಚ್ಚಿಸುತ್ತವೆ. ಹಣ್ಣಿನ ಕುಯ್ಲು ಬಂದಾಗ ತೋಟಕ್ಕೆ ಹೊರಗಿನ ಆಳುಗಳನ್ನು ಕರೆಸುವುದಿಲ್ಲವೇ, ಹಾಗೆ. ಹೊಗೆ ಇರುವಷ್ಟು ದಿನ ಯಕೃತ್ತಿನಲ್ಲಿ ಆಳುಗಳು ಹೆಚ್ಚು, ನುಂಗಿದ ಮಾತ್ರೆ ಬೇಗ ಖಾಲಿ. ಅದಕ್ಕೇ ಸೇದುವವರಿಗೆ ಹೆಚ್ಚು ಪ್ರಮಾಣ ಬೇಕಾಗುತ್ತದೆ. ಹೊಗೆ ನಿಂತರೆ ಆ ಹೆಚ್ಚುವರಿ ಆಳುಗಳು ಸುಮಾರು ಒಂದು ವಾರದೊಳಗೆ ಊರಿಗೆ ಮರಳುತ್ತಾರೆ. ಮಾತ್ರೆ ಮಾತ್ರ ಹಿಂದಿನಷ್ಟೇ ಬಂದು ಬೀಳುತ್ತಿರುತ್ತದೆ. ರಕ್ತದಲ್ಲಿ ಅದರ ಮಟ್ಟ ಒಂದೂವರೆ ಪಟ್ಟು, ಕೆಲವರಲ್ಲಿ ಇನ್ನೂ ಹೆಚ್ಚು ಆಗಿಬಿಡುತ್ತದೆ. ರಿಸ್ಪೆರಿಡೋನ್, ಅರಿಪಿಪ್ರಜೋಲ್ ಮುಂತಾದವು ಬೇರೆ ಕಿಣ್ವಗಳ ದಾರಿ ಹಿಡಿಯುವುದರಿಂದ ಅವುಗಳಿಗೆ ಈ ತಾಪತ್ರಯವಿಲ್ಲ.

ನನ್ನನ್ನು ಬೆಚ್ಚಿಸಿದ್ದು ಹೊಗೆಸೊಪ್ಪಿನ ವಿಷಯ. ತಂಬಾಕು ಹೇಗಿದ್ದರೂ ಬಾಯಿಗೆ ಹೋಗುತ್ತಿತ್ತಲ್ಲ ಎಂದು ಕೇಳಿದೆ. ಕಿಣ್ವವನ್ನು ಎಬ್ಬಿಸುವುದು ನಿಕೋಟಿನ್ ಅಲ್ಲ, ಹೊಗೆ. ಜಗಿಯುವ ಎಲೆಯಾಗಲಿ, ನಿಕೋಟಿನ್ ಗಮ್ ಆಗಲಿ, ಚಟದ ಬಾಯನ್ನು ಮುಚ್ಚಿಸಬಹುದೇ ಹೊರತು ಮಾತ್ರೆಯ ಲೆಕ್ಕಕ್ಕೆ ಅವು ಬೀಡಿ ಬಿಟ್ಟದ್ದಕ್ಕೇ ಸಮ, ಜೊತೆಗೆ ಹೊಗೆಸೊಪ್ಪು ಬಾಯಿ ಕ್ಯಾನ್ಸರಿಗೆ ದಾರಿ ಬೇರೆ, ಎಂದರು. ಅಂದರೆ ಅವನ ಚಡಪಡಿಕೆ ಇಳಿದದ್ದನ್ನೇ ನೋಡಿ ಎಲ್ಲವೂ ನೆಟ್ಟಗಿದೆ ಎಂದು ನಾವು ನಂಬಿದ ಆ ವಾರದಲ್ಲೇ ಒಳಗೆ ವಿಷ ಏರುತ್ತಿತ್ತು.

ಆಮೇಲೆ ನಾನು ಒಲಾಂಜಪಿನ್ ಕಾಲದ ಮಾತೆತ್ತಿದೆ. ವಾರ್ಡಿನಲ್ಲಿ ಗುಣ, ಮನೆಯಲ್ಲಿ ಉಲ್ಬಣ, ಮೂರು ಸಲ. ವೈದ್ಯರು ಎಚ್ಚರಿಕೆಯಿಂದ ಉತ್ತರಿಸಿದರು: ಆಗ ರಕ್ತದ ಮಟ್ಟವನ್ನು ಯಾರೂ ಅಳೆದಿಲ್ಲವಾದ್ದರಿಂದ ಹೀಗೇ ಆಯಿತೆಂದು ಹೇಳಲಾಗದು, ಮನೆಯ ಒತ್ತಡ, ಕಾಯಿಲೆಯ ಸ್ವಭಾವ ಎಲ್ಲವೂ ಇರುತ್ತವೆ, ಆದರೆ ಬೀಡಿ ಮರಳಿ ಹಚ್ಚಿದ್ದರಿಂದ ಔಷಧ ಸಾಲದೆ ಹೋಗಿರುವ ಸಾಧ್ಯತೆ ಇದ್ದೇ ಇದೆ. ಅಮ್ಮ ಆಗಲೇ ಇರಲಿಲ್ಲ. ಆ ಸಂಜೆ ನಾನು ತಮ್ಮನ ಬಳಿ ಹೋಗಿ ಅಂದು ನಿನ್ನನ್ನು ನಂಬಬೇಕಿತ್ತು ಎಂದೆ. ಅವನು ಯಾವುದರ ಬಗ್ಗೆ ಎಂದು ಕೇಳಿದ. ಹೇಳಿದೆ. "ಟಾರ್ಚ್ ಬೆಳಕು ಕಣ್ಣಿಗೆ ಹೊಡೀತಿತ್ತು ಅಕ್ಕಾ" ಎಂದಷ್ಟೇ ಹೇಳಿ ಸುಮ್ಮನಾದ.

ಚೆಕ್‌ರೋಲ್ ಪುಸ್ತಕ ತೆಗೆದದ್ದು ಮರುದಿನ.

ಕಥೆ ಅಲ್ಲಿಗೆ ಮುಗಿದಿದ್ದರೆ ಸುಲಭವಿತ್ತು. ಮೇ ತಿಂಗಳಲ್ಲಿ ಅಂಗಡಿಗಳು ತೆರೆದವು, ಬೀಡಿ ಮರಳಿತು. ಮೊದಲ ದಿನ ಮೂರು, ವಾರ ಕಳೆಯುವಷ್ಟರಲ್ಲಿ ದಿನಕ್ಕೆ ಹದಿನೈದು ಎಂದು ಪುಸ್ತಕದಲ್ಲಿದೆ. ಸೇದಬೇಡ ಎಂದು ಜಗಳವಾಡುವ ಬದಲು ನಾನು ಸಂಖ್ಯೆಯನ್ನು ವೈದ್ಯರಿಗೆ ತಿಳಿಸುತ್ತ ಹೋದೆ. ಈಗ ಲೆಕ್ಕ ತಿರುಗುಮುರುಗು: ಇಳಿಸಿದ ಪ್ರಮಾಣ ಹೊಗೆಗೆ ಸಾಲದು. ಮೂರನೆಯ ವಾರದಲ್ಲಿ ಅವನು ರೇಡಿಯೊ ಆರಿಸಿದ ಮೇಲೂ ಅದಕ್ಕೆ ಉತ್ತರ ಕೊಡುತ್ತಿದ್ದುದನ್ನು ಕಂಡು ತಿಳಿಸಿದಾಗ, ಹಂತಹಂತವಾಗಿ ಮತ್ತೆ 450ಕ್ಕೆ ಏರಿಸಿದರು. ಬೀಡಿ ಬಿಡಿಸಲು ಇದು ಕಾಲವಲ್ಲ, ಮೊದಲು ಮನಸ್ಸು ನೆಲೆ ನಿಲ್ಲಲಿ, ಬಿಡುವುದಾದರೆ ನಾವು ತಾರೀಖು ಗೊತ್ತುಮಾಡಿ ಬಿಡೋಣ ಎಂದರು. ಹಾಗೆಂದು ಅವನು ಬೀಡಿ ಸೇದಿಕೊಂಡೇ ಇರಲಿ ಎಂಬ ಮಾತನ್ನು ಅವರು ಒಮ್ಮೆಯೂ ಆಡಲಿಲ್ಲ. ತೀವ್ರ ಮಾನಸಿಕ ಕಾಯಿಲೆ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ಸಾಯುತ್ತಾರೆ, ಅದರಲ್ಲಿ ಹೃದಯ ಮತ್ತು ಶ್ವಾಸಕೋಶದ ಕಾಯಿಲೆಗಳ ಪಾಲು ದೊಡ್ಡದು, 'ಪಾಪ, ಅವನಿಗಿರುವ ಸುಖ ಅದೊಂದೇ' ಎನ್ನುವ ನಮ್ಮ ಕರುಣೆಯೂ ಅದರಲ್ಲಿ ಸೇರಿಕೊಂಡಿದೆ ಎಂದು ಅವರು ಹೇಳಿದ್ದು ನನಗೆ ನಾಟಿತು. ಆ ಮಾತನ್ನು ನಾನೇ ಎಷ್ಟು ಸಲ ಆಡಿದ್ದೆನೋ.

ತಾರೀಖು ಗೊತ್ತಾದದ್ದು 2021ರ ಫೆಬ್ರುವರಿಯಲ್ಲಿ, ಕಾಫಿ ಕುಯ್ಲು ಮುಗಿದ ಮೇಲೆ. ಆರಿಸಿದವನು ಅವನೇ. ಅದಕ್ಕೆ ಮೊದಲು ಮಾಡಿಸಿದ್ದು ರಕ್ತದಲ್ಲಿ ಕ್ಲೋಜಪಿನ್ ಮಟ್ಟದ ಪರೀಕ್ಷೆ. ಇದು ತಿಂಗಳ ಬಿಳಿಕಣದ ಪರೀಕ್ಷೆಯಲ್ಲ, ಬೇರೆಯೇ. ರಾತ್ರಿಯ ಮಾತ್ರೆ ನುಂಗಿ ಸರಿಯಾಗಿ 12 ಗಂಟೆಯಾದ ಮೇಲೆ, ಬೆಳಗಿನ ಮಾತ್ರೆ ಕೊಡುವ ಮೊದಲು ರಕ್ತ ತೆಗೆಯಬೇಕು. ಆದ್ದರಿಂದ ಹಿಂದಿನ ರಾತ್ರಿ ಎಂಟೂವರೆಗೆ ಮಾತ್ರೆ ಕೊಟ್ಟು, ಬೆಳಿಗ್ಗೆ ಮಾದಾಪುರದ ದಾರಿಯಾಗಿ ಮಡಿಕೇರಿ ತಲುಪಿ, ಎಂಟೂವರೆಗೆ ರಕ್ತ ಕೊಡಿಸಿದೆ; 2018ರ ಭೂಕುಸಿತದಲ್ಲಿ ಹದಗೆಟ್ಟ ಆ ದಾರಿಯಲ್ಲಿ ಹೊತ್ತಿಗೆ ಸರಿಯಾಗಿ ತಲುಪುತ್ತೇವೋ ಇಲ್ಲವೋ ಎಂಬ ಆತಂಕದಲ್ಲಿ ಐದೂವರೆಗೇ ಹೊರಟಿದ್ದೆವು. ಮಾದರಿ ಬೆಂಗಳೂರಿಗೆ ಹೋಗಿ ವರದಿ ಬರಲು ವಾರ ಹಿಡಿಯಿತು. ಮಿಲಿಲೀಟರಿಗೆ 350 ನ್ಯಾನೋಗ್ರಾಂ ದಾಟಿದರೆ ಸಾಮಾನ್ಯವಾಗಿ ಔಷಧ ಫಲ ಕೊಡುವ ಮಟ್ಟವೆಂದು ಎಣಿಕೆ. ಬೀಡಿ ಸೇದುತ್ತ, 450 ಮಿಲಿಗ್ರಾಂ ನುಂಗುತ್ತ ಅವನದು 410 ಇತ್ತು.

ಅದಕ್ಕೂ ಮುಂಚಿನ ಎರಡು ತಿಂಗಳಲ್ಲಿ ದಿನದ ಬೀಡಿಯನ್ನು ಇಪ್ಪತ್ತೈದರಿಂದ ಹನ್ನೆರಡಕ್ಕೆ ಇಳಿಸಿದ್ದ. ಅರ್ಧ ಇಳಿಯಿತಲ್ಲ, ಮಾತ್ರೆಯನ್ನೂ ಇಳಿಸೋಣವೇ ಎಂದು ನಾನು ಕೇಳಿದಾಗ ವೈದ್ಯರು ಬೇಡವೆಂದರು. ದಿನಕ್ಕೆ ಹತ್ತು ಹನ್ನೆರಡು ಸಿಗರೇಟು ಸೇದುವವರಲ್ಲೂ ಕಿಣ್ವ ಹೆಚ್ಚುಕಡಿಮೆ ಪೂರ್ತಿ ಚುರುಕಾಗಿಯೇ ಇರುತ್ತದೆ, ವ್ಯತ್ಯಾಸ ಬರುವುದು ಅಲ್ಲಿಂದ ಕೆಳಗಿಳಿದು ಸೊನ್ನೆಯ ಕಡೆ ಹೋದಾಗ. ಬಿಟ್ಟ ದಿನದಿಂದ ಒಂದು ವಾರದೊಳಗೆ ಕಾಲು ಭಾಗದಷ್ಟನ್ನು ಇಳಿಸುತ್ತ 350ಕ್ಕೆ ತಂದರು. ಹತ್ತನೆಯ ದಿನದ ರಕ್ತದಲ್ಲಿ ಮಟ್ಟ 520. ಮಾತ್ರೆ ಇಳಿದಿದೆ, ಮಟ್ಟ ಏರಿದೆ! ಇಷ್ಟು ವಿವರಿಸಿ ಹೇಳಿದ್ದರೂ ಆ ಅಂಕಿಯನ್ನು ನೋಡಿದಾಗ ಲ್ಯಾಬಿನವರೇ ತಪ್ಪಿರಬೇಕು ಎನಿಸಿತ್ತು. ಮತ್ತೆ 300ಕ್ಕೆ ಇಳಿಸಿದ ಮೇಲೆ 430ಕ್ಕೆ ನಿಂತಿತು. ಚಟದ ಸೆಳೆತಕ್ಕೆ ನಿಕೋಟಿನ್ ಗಮ್ ಕೊಟ್ಟಿದ್ದರು. ಅದರ ಖಾರ ಅವನಿಗೆ ಹಿಡಿಸಲಿಲ್ಲವಾದರೂ ಮೊದಲ ಆರು ವಾರ ಅದೇ ಕೈಹಿಡಿಯಿತು.

ಕಾಫಿಯ ಅಂಕಣ ಸೇರಿದ್ದು ಆಗಲೇ. ಬೀಡಿ ಬಿಟ್ಟ ನಾಲ್ಕನೆಯ ದಿನದಿಂದ ಅವನಿಗೆ ರಾತ್ರಿ ನಿದ್ದೆಯಿಲ್ಲ, ಬೆರಳು ನಡುಕ, ಎದೆ ಡವಡವ. ಬೀಡಿಯ ನೆನಪೇ ಕಾಡುತ್ತಿದೆ ಎಂದುಕೊಂಡೆ. ದಿನಕ್ಕೆ ಎಷ್ಟು ಕಾಫಿ ಎಂದು ವೈದ್ಯರು ಕೇಳಿದರು. ಕಾಫಿ ಬೆಳೆಯುವ ಮನೆಯಲ್ಲಿ ಅದನ್ನು ಎಣಿಸುವವರು ಯಾರು? ಎಣಿಸಿದಾಗ ಎಂಟು ಲೋಟ. ಕಾಫಿಯ ಕೆಫೀನನ್ನು ಕರಗಿಸುವುದೂ ಅದೇ ಕಿಣ್ವವಂತೆ. ಹೊಗೆ ನಿಂತ ಮೇಲೆ ಅದೇ ಎಂಟು ಲೋಟ ಮೊದಲಿಗಿಂತ ಬಹಳ ಹೆಚ್ಚು ಹೊತ್ತು ರಕ್ತದಲ್ಲಿ ಉಳಿಯುತ್ತದೆ; ಅಷ್ಟೇ ಅಲ್ಲ, ಒಂದೇ ಕಿಣ್ವಕ್ಕೆ ಎರಡೂ ಮುಗಿಬೀಳುವುದರಿಂದ ಹೆಚ್ಚು ಕಾಫಿ ಕುಡಿದರೆ ಕ್ಲೋಜಪಿನ್ ಮಟ್ಟವೂ ಏರುತ್ತದೆ, ಕಾಫಿಯನ್ನು ಹಠಾತ್ತನೆ ನಿಲ್ಲಿಸಿದರೆ ಇಳಿಯುತ್ತದೆ. ಹಾಗಾಗಿ ನಿಲ್ಲಿಸಬೇಡಿ, ನಿಧಾನವಾಗಿ ನಾಲ್ಕಕ್ಕೆ ತಂದು ಅಲ್ಲೇ ಇರಿಸಿ, ಒಂದು ಬದಲಾವಣೆ ನೆಲೆ ನಿಲ್ಲುವ ಮೊದಲು ಇನ್ನೊಂದಕ್ಕೆ ಕೈಹಾಕಬೇಡಿ ಎಂದರು. ತಮ್ಮನಿಗೆ ಬೀಡಿ ಬಿಟ್ಟದ್ದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಈ ನಾಲ್ಕು ಲೋಟದ ಕಟ್ಟಳೆಗೆ.

ಆ ವರ್ಷದ ಮೇ ತಿಂಗಳಲ್ಲಿ ಮನೆಗೆಲ್ಲ ಜ್ವರ ಬಂದಾಗ ಇನ್ನೊಂದು ಪಾಠವಾಯಿತು. ಜೋರಾದ ಸೋಂಕು, ಉರಿಯೂತ ಇದ್ದಾಗಲೂ ಈ ಕಿಣ್ವ ಮಂಕಾಗುತ್ತದೆ, ಕ್ಲೋಜಪಿನ್ ಏರುತ್ತದೆ. ಜ್ವರದ ಎರಡನೆಯ ದಿನವೇ ಫೋನ್ ಮಾಡಿದ್ದರಿಂದ ಕೆಲದಿನ ಅರ್ಧ ಪ್ರಮಾಣಕ್ಕೆ ಇಳಿಸಿ, ಬಿಳಿಕಣಗಳನ್ನೂ ನೋಡಿ, ಜ್ವರ ಇಳಿದ ಮೇಲೆ ಮರಳಿ ಏರಿಸಿದರು. ಪುಸ್ತಕದಲ್ಲಿ ಆ ಪುಟ ಮಾತ್ರ ಕೆಂಪು ಶಾಯಿಯಲ್ಲಿದೆ.

2023ರಲ್ಲಿ ಶನಿವಾರಸಂತೆಯಲ್ಲಿ ನಮ್ಮ ಚಿಕ್ಕಪ್ಪನ ಮೊಮ್ಮಗಳ ಮದುವೆ. ನಾನು ಊಟದ ಪಂಕ್ತಿಯ ಓಡಾಟದಲ್ಲಿದ್ದೆ, ಅವನು ಯಾರೊಂದಿಗೆ ಎಲ್ಲಿದ್ದ ಎಂದು ನೋಡಲಿಲ್ಲ. ರಾತ್ರಿ ಮನೆಗೆ ಬಂದು ಮಾತ್ರೆ ಕೊಡಲು ಹೋದಾಗ ಚೆಕ್‌ರೋಲ್ ಪುಸ್ತಕ ಮೇಜಿನ ಮೇಲೆ ತೆರೆದಿತ್ತು. ಸೊನ್ನೆಗಳ ಸಾಲಿನ ಕೆಳಗೆ ಅವನದೇ ಅಕ್ಷರದಲ್ಲಿ 2 ಎಂದು ಬರೆದಿತ್ತು, ಪಕ್ಕದ ಕಾಫಿ ಅಂಕಣದಲ್ಲಿ 6. ವೈದ್ಯರಿಗೆ ತೋರಿಸಿದೆವು. ಒಂದು ದಿನದ ಎರಡು ಬೀಡಿಗೆ ಮಾತ್ರೆ ಬದಲಿಸಬೇಕಾಗಿಲ್ಲ, ಬರೆದಿಟ್ಟದ್ದು ಒಳ್ಳೆಯದಾಯಿತು ಎಂದು ಹೇಳಿ ಮುಂದಿನ ತಿಂಗಳ ಚೀಟಿ ಬರೆದುಕೊಟ್ಟರು: ಕ್ಲೋಜಪಿನ್ 300 ಮಿಲಿಗ್ರಾಂ, ರಕ್ತಪರೀಕ್ಷೆ, ಧೂಮಪಾನ ಇಲ್ಲ, ಕಾಫಿ ನಾಲ್ಕು ಲೋಟ.